ಜೂಡೋ ಎಸೆತದಲ್ಲಿ ಮೈ ಸಡಿಲಿಸಿ ಭಾರವನ್ನು ಬಳಸುವುದು ಹೇಗೆ?

ಜೂಡೋ ಕಲಿಯಲು ಆರಂಭಿಸಿ ಆರು ತಿಂಗಳೋ ವರ್ಷವೋ ಆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ತರಬೇತುದಾರರು ಮೈ ಸಡಿಲ ಬಿಡಿ ಎನ್ನುತ್ತಾರೆ. ಸಡಿಲ ಬಿಟ್ಟರೆ ಎದುರಿನವರು ಕದಲುವುದೇ ಇಲ್ಲ. ಬಿಗಿ ಹಿಡಿದು ಎಳೆದರೆ ಅವರೂ ಬಿಗಿಯಾಗಿ ನಿಂತುಬಿಡುತ್ತಾರೆ. ಹಾಗಾದರೆ ಎಸೆಯುವುದು ಹೇಗೆ?" ಪ್ರಶ್ನೆ ನ್ಯಾಯವಾದದ್ದೇ. "ಸಡಿಲ ಬಿಡಿ" ಎಂಬುದು ಅರ್ಧ ಸೂಚನೆ ಮಾತ್ರ. ಯಾವುದನ್ನು ಸಡಿಲಿಸಬೇಕು, ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ತೋಳನ್ನು ಸಡಿಲಿಸಿದ ಮೇಲೆ ಕೆಡಹುವ ಬಲ ಎಲ್ಲಿಂದ ಬರಬೇಕು ಎಂಬ ಉಳಿದರ್ಧವನ್ನು ಯಾರೂ ಬಿಡಿಸಿ ಹೇಳದಿದ್ದರೆ, ಕಲಿಯುವವರು ಒಂದೋ ಒದ್ದೆ ಬಟ್ಟೆಯಂತೆ ಜೋಲು ಬೀಳುತ್ತಾರೆ, ಇಲ್ಲವೇ ನಾಲ್ಕು ದಿನ ಪ್ರಯತ್ನಿಸಿ ಮತ್ತೆ ತೋಳಿನ ಬಲಕ್ಕೇ ಮರಳುತ್ತಾರೆ.

ಆ ಉಳಿದರ್ಧವನ್ನು ಇಲ್ಲಿ ಏಳು ಹಂತಗಳಲ್ಲಿ ವಿವರಿಸಿದ್ದೇನೆ. ಉದಾಹರಣೆಗೆ ಎರಡೇ ಎಸೆತಗಳನ್ನು ತೆಗೆದುಕೊಂಡಿದ್ದೇನೆ: ಉಕಿ ಒತೋಶಿ ಮತ್ತು ತಾಯ್ ಒತೋಶಿ. ಜಪಾನಿ ಭಾಷೆಯಲ್ಲಿ ಒತೋಶಿ ಎಂದರೆ ಬೀಳಿಸುವುದು, ಉಕಿ ಎಂದರೆ ತೇಲುವುದು, ತಾಯ್ ಎಂದರೆ ದೇಹ. ಸೊಂಟದ ಮೇಲೆ ಹೊತ್ತು ಎಸೆಯುವ ಪಟ್ಟುಗಳಲ್ಲಿ ತೋಳಿನ ತಪ್ಪನ್ನು ಸೊಂಟ ಮುಚ್ಚಿಹಾಕಬಲ್ಲದು. ಈ ಎರಡರಲ್ಲಿ ಆ ಆಸರೆಯಿಲ್ಲದ ಕಾರಣ ನೀವು ಭಾರವನ್ನು ಬಳಸಿದಿರೋ ಇಲ್ಲವೋ ಎಂಬುದು ಕೂಡಲೇ ಗೊತ್ತಾಗುತ್ತದೆ. ವಿವರಣೆಯೆಲ್ಲ ಬಲಗೈ ಬಳಸುವವರಿಗಾಗಿ ಬರೆದದ್ದು. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ಮೊದಲು ಬೇಕಾದವು

ಓದಿ ಕಲಿಯುವ ವಿದ್ಯೆ ಇದಲ್ಲವಾದ್ದರಿಂದ ನೋಡಿ ತಿದ್ದುವ ತರಬೇತುದಾರರೊಬ್ಬರು ಬೇಕೇ ಬೇಕು. ನೆಲದ ಮೇಲೆ ತತಾಮಿ, ಅಂದರೆ ಜೂಡೋ ಅಭ್ಯಾಸಕ್ಕೆಂದೇ ಮಾಡಿದ ಗಟ್ಟಿ ಮ್ಯಾಟ್, ಹಾಸಿರಬೇಕು. ಬಹಳ ಮೆತ್ತನೆಯ ಹಾಸಿಗೆಯಲ್ಲಿ ಪಾದ ಹೂತು, ತಿರುಗುವಾಗ ಮೊಣಕಾಲು ತಿರುಚುವ ಅಪಾಯವಿರುವುದರಿಂದ ಮನೆಯ ಹಾಸಿಗೆ ಇದಕ್ಕೆ ಆಗದು. ಇಬ್ಬರೂ ಜೂಡೋಗಿ ತೊಟ್ಟಿರಬೇಕು; ದಪ್ಪ ನೇಯ್ಗೆಯ ಆ ಅಂಗಿಯೇ ನಿಮ್ಮ ಭಾರವನ್ನು ಎದುರಿನವರಿಗೆ ತಲುಪಿಸುವ ಸಾಧನ. ಜೊತೆಗಾರರು ಎತ್ತರದಲ್ಲೂ ತೂಕದಲ್ಲೂ ಹೆಚ್ಚುಕಡಿಮೆ ನಿಮ್ಮಷ್ಟೇ ಇದ್ದರೆ ಮೊದಲ ತಿಂಗಳುಗಳಲ್ಲಿ ಕಲಿಕೆ ಸುಲಭವಾಗುತ್ತದೆ. ಉಗುರು ಕತ್ತರಿಸಿ, ಉಂಗುರ, ಬಳೆ, ಸರ ಕಳಚಿಡಿ.

ಎರಡು ಪದಗಳನ್ನು ಈಗಲೇ ತಿಳಿದುಕೊಳ್ಳಿ. ಎಸೆಯುವವರನ್ನು ತೋರಿ ಎಂದೂ, ಎಸೆತಕ್ಕೆ ಮೈಯೊಡ್ಡುವವರನ್ನು ಉಕೆ ಎಂದೂ ಕರೆಯುತ್ತಾರೆ. ಉಕೆಯ ಕೆಲಸ ಸುಮ್ಮನೆ ನಿಲ್ಲುವುದೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಈ ವಿಷಯವನ್ನು ಕಲಿಸುವುದರಲ್ಲಿ ಅರ್ಧ ಪಾಲು ಅವರದೇ.

ಹಂತ 1: ಬೀಳುವ ಭಯವನ್ನು ಕಳೆದುಕೊಳ್ಳಿ

ಮೈ ಬಿಗಿಯಾಗಲು ಮೊದಲ ಕಾರಣ ಬಿದ್ದೇನೆಂಬ ಭಯ. ಭಯವಿರುವವರೆಗೂ ಹೆಗಲು ಕಿವಿಯತ್ತ ಏರುತ್ತದೆ, ಕೈ ಎದುರಿನವರ ಅಂಗಿಯನ್ನು ಊರುಗೋಲಿನಂತೆ ಹಿಡಿಯುತ್ತದೆ, ಉಸಿರು ಕಟ್ಟುತ್ತದೆ. ಹೀಗಾಗಿ ಸಡಿಲಿಕೆಯ ಅಭ್ಯಾಸ ಆರಂಭವಾಗಬೇಕಾದದ್ದು ಉಕೆಮಿಯಿಂದ, ಅಂದರೆ ಪೆಟ್ಟಾಗದಂತೆ ಬೀಳುವ ಕಲೆಯಿಂದ.

ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ನಿಮ್ಮ ಸೊಂಟಪಟ್ಟಿಯ ಗಂಟನ್ನೇ ನೋಡುತ್ತಿರಿ. ಹಾಗೆ ಮಾಡಿದರೆ ತಲೆಯ ಹಿಂಭಾಗ ನೆಲಕ್ಕೆ ತಾಗುವುದಿಲ್ಲ. ಬೆನ್ನು ದುಂಡಗಿರಲಿ. ಬೆನ್ನು ನೆಲ ಮುಟ್ಟುವ ಗಳಿಗೆಯಲ್ಲೇ ಎರಡೂ ಕೈಗಳನ್ನು ಮೈಯಿಂದ ಸುಮಾರು 30ರಿಂದ 45 ಡಿಗ್ರಿ ದೂರದಲ್ಲಿ, ಅಂಗೈ ಕೆಳಮುಖವಾಗಿ, ಇಡೀ ಮುಂದೋಳು ತಾಗುವಂತೆ ಬಡಿಯಿರಿ. ಬೀಳುವಾಗ ಉಸಿರನ್ನು ಹೊರಗೆ ಬಿಡಿ. ಕುಳಿತ ಸ್ಥಿತಿಯಿಂದ ಶುರುಮಾಡಿ, ನಂತರ ಕುಕ್ಕರಗಾಲಿನಿಂದ, ಕೊನೆಗೆ ನಿಂತು ಮಾಡಿ. ಪಕ್ಕಕ್ಕೆ ಬೀಳುವುದನ್ನೂ, ಮುಂದಕ್ಕೆ ಉರುಳಿ ಬೀಳುವುದನ್ನೂ ಇದೇ ಕ್ರಮದಲ್ಲಿ ರೂಢಿಸಿಕೊಳ್ಳಬೇಕು. ಮುಂದೆ ಬರುವ ಎರಡೂ ಎಸೆತಗಳಲ್ಲಿ ಉಕೆ ಮುಂದಕ್ಕೆ ಉರುಳುವಂತೆಯೇ ಬೀಳುತ್ತಾರೆ.

ಎಚ್ಚರಿಕೆ: ಬೀಳುವಾಗ ನೆಲಕ್ಕೆ ಕೈಯೂರಿ ತಡೆಯಲು ಹೋಗಬೇಡಿ. ಮಣಿಕಟ್ಟು, ಮೊಣಕೈ, ಕೊರಳೆಲುಬು ಮುರಿಯುವುದು ಹೀಗೆಯೇ. ತಲೆಗೆ ಪೆಟ್ಟಾದರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು ಎಂದು ತಿಳಿಯಿರಿ. ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಲನ್ನು ಹಿಂದಿನಿಂದ ಕಿತ್ತು ಬೆನ್ನಡಿಯಾಗಿ ಬೀಳಿಸುವ ಓಸೊಟೊ ಗಾರಿಯಂಥ ಎಸೆತಗಳನ್ನು ಉಕೆಮಿ ಪಕ್ವವಾಗದ ಹೊಸಬರ ಮೇಲೆ ಪ್ರಯೋಗಿಸುವುದು ಇದೇ ಕಾರಣಕ್ಕೆ ಅಪಾಯಕರ.

ಹಂತ 2: ನಿಲುವು ಮತ್ತು ಭಾರದ ನೆಲೆ

ಪಾದಗಳ ನಡುವೆ ಹೆಗಲಗಲದಷ್ಟು ಜಾಗ ಬಿಟ್ಟು, ಮೊಣಕಾಲುಗಳನ್ನು ಬೀಗ ಹಾಕಿದಂತೆ ನೆಟ್ಟಗಾಗಿಸದೆ, ಸಹಜವಾಗಿ ನಿಲ್ಲಿ. ಇದು ಶಿಜೆನ್ತಾಯ್, ಅಂದರೆ ಸಹಜ ನಿಲುವು. ಇದಕ್ಕೆ ಎದುರಾದದ್ದು ಜಿಗೊತಾಯ್: ಕಾಲು ಅಗಲಿಸಿ, ಸೊಂಟ ತಗ್ಗಿಸಿ, ರಕ್ಷಣೆಗೆಂದು ಕೂರುವ ನಿಲುವು. ಹೊಸಬರಿಗೆ ಎರಡನೆಯದೇ ಭದ್ರವೆನಿಸುತ್ತದೆ, ಗರಡಿಮನೆಯಲ್ಲಿ ಕುಸ್ತಿ ಆಡಿ ಬಂದವರಿಗಂತೂ ಅದೇ ರೂಢಿ. ಆದರೆ ಆಗಲೇ ತಗ್ಗಿ ಕುಳಿತವರಿಗೆ ಇನ್ನೂ ತಗ್ಗಲು ಜಾಗವಿರುವುದಿಲ್ಲ. ನಾವು ಬಳಸಬೇಕೆಂದಿರುವ ಬಲ ಹುಟ್ಟುವುದೇ ಆ ತಗ್ಗುವಿಕೆಯಿಂದ.

ಈಗ ಒಂದು ಪರೀಕ್ಷೆ ಮಾಡಿ. ಜೊತೆಗಾರರು ನಿಮ್ಮ ಹಿಂದೆ ನಿಂತು, ಎರಡೂ ಕಂಕುಳ ಕೆಳಗೆ ಕೈಯಿಟ್ಟು, ನಿಮ್ಮನ್ನು ನಿಧಾನವಾಗಿ ಮೇಲೆತ್ತಲಿ. ಮೊದಲ ಸಲ ಹೆಗಲನ್ನು ಏರಿಸಿ, ಮುಷ್ಟಿ ಬಿಗಿದು, ಉಸಿರು ಹಿಡಿದು ನಿಲ್ಲಿ. ಎರಡನೆಯ ಸಲ ಉಸಿರು ಬಿಟ್ಟು, ಹೆಗಲನ್ನು ಇಳಿಬಿಟ್ಟು, ಗಮನವನ್ನು ಹೊಕ್ಕುಳಿನಿಂದ ಮೂರು ಬೆರಳು ಕೆಳಗಿರುವ ಕಿಬ್ಬೊಟ್ಟೆಯ ಮೇಲಿರಿಸಿ ನಿಲ್ಲಿ. ಎರಡನೆಯ ಸಲ ನೀವು ಬಹಳ ಭಾರವಾದಿರೆಂದು ಜೊತೆಗಾರರು ಹೇಳುತ್ತಾರೆ. ಕಿಬ್ಬೊಟ್ಟೆಯ ಆ ಜಾಗವನ್ನು ಜಪಾನಿಯರು ತಾಂದೆನ್ ಎನ್ನುತ್ತಾರೆ. ನಿಂತ ಮನುಷ್ಯನ ಗುರುತ್ವ ಕೇಂದ್ರವೂ ಸುಮಾರು ಅದೇ ಎತ್ತರದಲ್ಲಿ, ದೇಹದ ಒಳಗೆ ಇರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಮ್ಮ ತೂಕ ಹೆಚ್ಚಿರುವುದಿಲ್ಲ. 60 ಕಿಲೋ ಇದ್ದವರು ಸಡಿಲವಾಗಿದ್ದರೂ ಬಿಗಿಯಾಗಿದ್ದರೂ 60 ಕಿಲೋನೇ. ಬಿಗಿದ ಮೈ ಮರದ ದಿಮ್ಮಿಯಂತೆ ಒಂದೇ ತುಂಡಾಗುವುದರಿಂದ ಎಲ್ಲಿ ಹಿಡಿದು ಎತ್ತಿದರೂ ಇಡೀ ದೇಹ ಎದ್ದು ಬರುತ್ತದೆ. ಸಡಿಲವಾದ ಮೈಯಲ್ಲಿ ಹೆಗಲ ಕೀಲು ಮಾತ್ರ ಮೇಲೆ ಸರಿದು, ಸೊಂಟ, ತೊಡೆಗಳ ಭಾರ ಅಲ್ಲೇ ಉಳಿಯುತ್ತದೆ. ನಿದ್ದೆ ಹೋದ ಮಗುವನ್ನು ಎತ್ತಿಕೊಂಡವರಿಗೆಲ್ಲ ಈ ವ್ಯತ್ಯಾಸ ಗೊತ್ತು. ಐಕಿದೋ ಎಂಬ ಜಪಾನಿ ಸಮರಕಲೆಯ ಪರಂಪರೆಯ ತೊಹೆಯ್ ಕೊಯಿಚಿ ಇದನ್ನೇ "ಭಾರ ಕೆಳಬದಿಯಲ್ಲಿರಲಿ" ಎಂಬ ಸೂತ್ರವಾಗಿ ಕಲಿಸುತ್ತಿದ್ದರು. ಅವರು ಬಳಸುತ್ತಿದ್ದ "ಕಿ", ಅಂದರೆ ಪ್ರಾಣಶಕ್ತಿ, ಎಂಬ ಪದದ ಸುತ್ತ ನಿಗೂಢತೆಯ ಮಾತು ಬಹಳ ಬೆಳೆದಿದೆ. ಅದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಮೇಲಿನ ಪರೀಕ್ಷೆಗೆ ನಂಬಿಕೆಯ ಅಗತ್ಯವಿಲ್ಲ.

ಹಂತ 3: ಹಿಡಿತ

ಎಡಗೈಯಿಂದ ಜೊತೆಗಾರರ ಬಲತೋಳಿನ ಅಂಗಿಯನ್ನು ಮೊಣಕೈ ಹತ್ತಿರ ಹಿಡಿಯಿರಿ. ಇದು ಹಿಕಿತೆ, ಎಳೆಯುವ ಕೈ. ಬಲಗೈಯಿಂದ ಅವರ ಎಡಗಡೆಯ ಕೊರಳಪಟ್ಟಿಯನ್ನು ಕೊರಳೆಲುಬಿನ ಮಟ್ಟದಲ್ಲಿ ಹಿಡಿಯಿರಿ. ಇದು ತ್ಸುರಿತೆ, ಮೇಲೆತ್ತುವ ಕೈ.

ಹಿಡಿತ ಕಿರುಬೆರಳಿನಿಂದ ಆರಂಭವಾಗಲಿ. ಕಿರುಬೆರಳು ಮತ್ತು ಉಂಗುರಬೆರಳು ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿರಬೇಕು, ನಡುಬೆರಳು ಜೊತೆಗೂಡಬೇಕು, ತೋರುಬೆರಳು ಮತ್ತು ಹೆಬ್ಬೆರಳು ಹೆಚ್ಚುಕಡಿಮೆ ಸುಮ್ಮನಿರಬೇಕು. ಹೆಬ್ಬೆರಳು ತೋರುಬೆರಳುಗಳನ್ನು ಹಿಚುಕಿದರೆ ಮುಂದೋಳು ಪೂರ್ತಿ ಸೆಟೆದು, ಆ ಬಿಗಿತ ಹೆಗಲವರೆಗೂ ಹಬ್ಬುತ್ತದೆ. ಒಮ್ಮೆ ಪೂರ್ಣ ಬಲದಿಂದ ಹಿಡಿಯಿರಿ, ಅದಕ್ಕೆ 10 ಅಂಕ ಕೊಡಿ; ನಂತರ ಬಟ್ಟೆ ಜಾರದಷ್ಟು ಮಾತ್ರ ಉಳಿಸಿಕೊಂಡು 3ಕ್ಕೆ ಇಳಿಸಿ. ಅಭ್ಯಾಸದುದ್ದಕ್ಕೂ ಈ 3ರಲ್ಲೇ ಇರಬೇಕು. ಹಿಡಿತ 7ಕ್ಕೋ 8ಕ್ಕೋ ಏರಿದರೆ ಜೊತೆಗಾರರು ಕೂಡಲೇ ಹೇಳಲಿ, ಏಕೆಂದರೆ ಅದು ನಿಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ತೋಳು ಬಿಗಿಯಾದಾಗ ನಷ್ಟವೇನು? ತೋಳನ್ನು ಮಡಿಸುವ ಸ್ನಾಯು ಮುಂಭಾಗದಲ್ಲಿದೆ, ಚಾಚುವ ಸ್ನಾಯು ಹಿಂಭಾಗದಲ್ಲಿದೆ. ಹೆದರಿದಾಗ ಇಲ್ಲವೇ ಅವಸರಪಟ್ಟಾಗ ಎರಡೂ ಒಟ್ಟಿಗೆ ಬಿಗಿಯುತ್ತವೆ. ಒಂದು ಎಳೆದರೆ ಇನ್ನೊಂದು ತಡೆಯುತ್ತದೆ, ಶ್ರಮವೆಲ್ಲ ನಿಮ್ಮ ತೋಳಿನೊಳಗೇ ಖರ್ಚಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಬಿಗಿದ ತೋಳು ಎದುರಿನವರಿಗೆ ಸುದ್ದಿ ಮುಟ್ಟಿಸುತ್ತದೆ. ನೀವು ಯಾವ ಕಡೆ ತಿರುಗಲಿದ್ದೀರೆಂಬುದು ನಿಮ್ಮ ಪಾದ ಕದಲುವ ಮೊದಲೇ ಅಂಗಿಯ ಮೂಲಕ ಅವರಿಗೆ ತಿಳಿದುಹೋಗುತ್ತದೆ.

ಇಷ್ಟಾಗಿ, ಸಡಿಲವೆಂದರೆ ಜೋಲು ಎಂದಲ್ಲ. ಮೊಣಕೈ ಪಕ್ಕೆಲುಬಿನ ಮುಂದಿರಬೇಕು, ನೆಲದ ಕಡೆ ಇಳಿದಿರಬೇಕು, ಕಂಕುಳಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡಷ್ಟು ಜಾಗ ಇರಬೇಕು. ನಿಂಬೆಹಣ್ಣು ಬೀಳುವಷ್ಟು ಮೊಣಕೈ ಹೊರಚಾಚಿದರೆ ಭಾರ ಸಾಗುವ ದಾರಿ ಹೆಗಲಲ್ಲೇ ತುಂಡಾಗುತ್ತದೆ. ಅದನ್ನು ಹಿಚುಕಿ ಹಿಪ್ಪೆ ಮಾಡಿದರೆ ಮತ್ತೆ ಬಿಗಿತ ಬಂತೆಂದೇ ಅರ್ಥ.

ಎಚ್ಚರಿಕೆ: ತೋಳಿನ ಅಂಗಿಯ ತುದಿಯೊಳಗೆ ಬೆರಳು ತೂರಿಸಿ ಹಿಡಿಯಬೇಡಿ, ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಲೂ ಬೇಡಿ. ಹಾಗೆ ತೂರಿಸುವುದಕ್ಕೆ ಸ್ಪರ್ಧೆಯಲ್ಲಿ ದಂಡನೆಯಿದೆ, ಅಭ್ಯಾಸದಲ್ಲಿ ಬೆರಳು ಮುರಿಯುತ್ತದೆ.

ಹಂತ 4: ತೋಳು ಹಗ್ಗ, ಮೈ ಭಾರ

ಇಡೀ ಲೇಖನದ ತಿರುಳು ಈ ಹಂತದಲ್ಲಿದೆ. ಅವಸರಪಡದೆ ಒಂದೆರಡು ವಾರ ಇದರಲ್ಲೇ ಕಳೆಯಿರಿ.

ಬಾವಿಯಿಂದ ನೀರು ಸೇದಿದವರನ್ನು ನೆನೆಯಿರಿ. ರಾಟೆಯ ಹಗ್ಗವನ್ನು ಹೊಸಬರು ತೋಳಿನಿಂದ ಎಳೆದು ನಾಲ್ಕು ಕೊಡಕ್ಕೇ ಸುಸ್ತಾಗುತ್ತಾರೆ. ರೂಢಿಯಿದ್ದವರು ಮೇಲೆ ಕೈಚಾಚಿ ಹಗ್ಗ ಹಿಡಿದು, ಮೈಯನ್ನು ಕೆಳಗೆ ಬಿಡುತ್ತಾರೆ. ಕೊಡ ತಾನಾಗಿ ಏರುತ್ತದೆ. ತೋಳು ಅಲ್ಲಿ ಹಗ್ಗದ ಮುಂದುವರಿಕೆ ಮಾತ್ರ. ಜೂಡೋದಲ್ಲೂ ತೋಳಿಗೆ ಅದೇ ಕೆಲಸ.

ಅದರ ಹಿಂದಿರುವ ಲೆಕ್ಕ ಸರಳ. ನಿಂತಿರುವಾಗ ನಿಮ್ಮ ಭಾರವನ್ನೆಲ್ಲ ನಿಮ್ಮ ಪಾದಗಳೇ ಹೊತ್ತಿರುತ್ತವೆ. ಮೊಣಕಾಲನ್ನು ಹಠಾತ್ತನೆ ಸಡಿಲಿಸಿದಾಗ, ಮೈ ಕೆಳಗಿಳಿಯುವ ಆ ಅರೆಗಳಿಗೆಯಲ್ಲಿ, ಪಾದಗಳು ಹೊರುವ ಭಾರ ಕಡಿಮೆಯಾಗುತ್ತದೆ. ಮುಳ್ಳಿರುವ ಹಳೆಯ ತೂಕದ ಯಂತ್ರದ ಮೇಲೆ ನಿಂತು ಒಮ್ಮೆಲೆ ಮೊಣಕಾಲು ಮಡಿಸಿ ನೋಡಿ: ಮುಳ್ಳು ಮೊದಲು ಹಿಂದಕ್ಕೆ ಸರಿಯುತ್ತದೆ, ನೀವು ನಿಂತ ಕೂಡಲೇ ಮುಂದಕ್ಕೆ ಹಾರುತ್ತದೆ. ಆ ಗಳಿಗೆಯಲ್ಲಿ ನಿಮ್ಮ ಕೈಗೂ ಜೊತೆಗಾರರ ಅಂಗಿಗೂ ನಡುವೆ ಸಡಿಲ ಉಳಿದಿರದಿದ್ದರೆ, ಪಾದ ಬಿಟ್ಟುಕೊಟ್ಟ ಭಾರದಲ್ಲಿ ಒಂದು ಪಾಲು ಅವರ ಅಂಗಿಗೆ ಬೀಳುತ್ತದೆ. ತೋಳು ಬಿಗಿಯಾಗಿ ಮಡಿಚಿಕೊಂಡಿದ್ದರೆ ಆ ಎಳೆತ ತೋಳಿನಲ್ಲೇ ಹೀರಿಹೋಗುತ್ತದೆ. ಸಡಿಲಿಕೆಯ ಉದ್ದೇಶವೇ ಇದು: ಭಾರ ಸಾಗುವ ದಾರಿಯಲ್ಲಿರುವ ಅಡ್ಡಿಯನ್ನು ತೆಗೆಯುವುದು.

ಅಭ್ಯಾಸ ಹೀಗೆ. ಮೊದಲು ಹಿಡಿದ ಬಟ್ಟೆಯ ಮಡಿಕೆ, ಸುಕ್ಕು, ಜೋಲುಗಳನ್ನು ಮೆಲ್ಲಗೆ ತೆಗೆಯಿರಿ. ಜೊತೆಗಾರರ ಹೆಗಲು ಕದಲಬಾರದು, ಆದರೆ ಇನ್ನು ಒಂದು ಕೂದಲೆಳೆ ಎಳೆದರೂ ಕದಲುವಂತಿರಬೇಕು. ನಂತರ ತೋಳನ್ನು ಮಡಿಸದೆ, ಬೆನ್ನನ್ನು ಬಾಗಿಸದೆ, ಮೊಣಕಾಲುಗಳನ್ನು ಮಾತ್ರ ಸಡಿಲಿಸಿ ನಾಲ್ಕು ಬೆರಳಿನಷ್ಟು ಕೆಳಗಿಳಿಯಿರಿ. ಕುಳಿತುಕೊಳ್ಳುವುದೆಂದುಕೊಳ್ಳಬೇಡಿ; ಕಾಲಕೆಳಗಿನ ಮೆಟ್ಟಿಲು ತಪ್ಪಿದಂತೆ ಇಳಿಯಬೇಕು. ಸರಿಯಾಗಿ ಆದರೆ ಜೊತೆಗಾರರ ಹಿಮ್ಮಡಿ ನೆಲದಿಂದ ಹಗುರಾಗಿ ಏಳುತ್ತದೆ. ಸರಿಯಾಗಿ ಆಗಲಿಲ್ಲವೆಂದರೆ ಅವರ ತಲೆ ಮಾತ್ರ ಅಲುಗುತ್ತದೆ.

ಇದು ಹಿಡಿತಕ್ಕೆ ಸಿಕ್ಕ ಮೇಲೆ ಅದೇ ಕೆಲಸವನ್ನು ಹೆಜ್ಜೆ ಹಿಂದಿಡುತ್ತಾ ಮಾಡಿ. ಒಂದು ಪಾದ ಸರಿದ ಮೇಲೆ ಇನ್ನೊಂದು ಅದನ್ನು ದಾಟದೆ ಹಿಂಬಾಲಿಸುವ ನಡಿಗೆಗೆ ತ್ಸುಗಿ ಆಶಿ ಎನ್ನುತ್ತಾರೆ. ಹಿಂದಿನ ಪಾದ ನೆಲ ಮುಟ್ಟುವುದು, ಮೈ ತಗ್ಗುವುದು, ಅಂಗಿ ಜಗ್ಗುವುದು, ಈ ಮೂರೂ ಒಂದೇ ಗಳಿಗೆಯಲ್ಲಿ ಆಗಬೇಕು. ಪಾದ ಊರಿ ನಿಂತ ನಂತರ ಎಳೆದರೆ ಅದು ಮತ್ತೆ ತೋಳಿನ ಎಳೆತವೇ. ನನ್ನ ಮೊದಲ ಎರಡು ವರ್ಷ ಈ ಅರೆಗಳಿಗೆಯ ತಡದಲ್ಲೇ ಕಳೆದುಹೋದವು.

ಸಾಮಾನ್ಯ ತಪ್ಪುಗಳು ಎರಡು. ಒಂದು, ಮೈ ತಗ್ಗಿಸುವ ಬದಲು ಸೊಂಟದಿಂದ ಮುಂದಕ್ಕೆ ಬಾಗುವುದು. ಆಗ ತಲೆಯ ಭಾರ ಎದುರಿನವರ ಮೇಲೆ ಒರಗಿ, ಅವರೇ ನಿಮ್ಮನ್ನು ಎಸೆಯಲು ಅನುವಾಗುತ್ತದೆ. ಇನ್ನೊಂದು, ಭಾರ ಹಾಕುವುದೆಂದರೆ ಎದುರಿನವರಿಗೆ ಜೋತು ಬೀಳುವುದೆಂದು ತಿಳಿಯುವುದು. ಅವರು ಥಟ್ಟನೆ ಹಿಡಿತ ಬಿಡಿಸಿಕೊಂಡರೂ ನೀವು ಬೀಳದೆ ನಿಂತಿರಬೇಕು. ನಡುನಡುವೆ ಜೊತೆಗಾರರು ಹಾಗೆ ಬಿಡಿಸಿಕೊಂಡು ಪರೀಕ್ಷಿಸಲಿ.

ಹಂತ 5: ಸಮತೋಲ ಕೆಡಿಸುವುದು

ಎಸೆತವನ್ನು ಜೂಡೋ ಮೂರು ಭಾಗವಾಗಿ ನೋಡುತ್ತದೆ: ಕುಜುಶಿ ಎಂದರೆ ಎದುರಿನವರ ಸಮತೋಲ ಕೆಡಿಸುವುದು, ತ್ಸುಕುರಿ ಎಂದರೆ ಎಸೆತಕ್ಕೆ ತಕ್ಕ ಜಾಗಕ್ಕೆ ನಿಮ್ಮ ಮೈಯನ್ನು ತಂದುಕೊಳ್ಳುವುದು, ಕಾಕೆ ಎಂದರೆ ಎಸೆದು ಮುಗಿಸುವುದು. ಜೂಡೋದ ಸ್ಥಾಪಕ ಕಾನೋ ಜಿಗೊರೊ 1882ರಲ್ಲಿ ಟೋಕಿಯೋದ ಏಶೋಜಿ ದೇವಾಲಯದಲ್ಲಿ ಕೋಡೋಕಾನ್ ಶಾಲೆಯನ್ನು ಸ್ಥಾಪಿಸುವ ಮೊದಲು ಜುಜುತ್ಸು ಎಂಬ ಹಳೆಯ ಜಪಾನಿ ಸಮರಕಲೆಯ ಎರಡು ಪರಂಪರೆಗಳನ್ನು ಕಲಿತಿದ್ದರು: ತೆನ್ಜಿನ್ ಶಿನ್ಯೊ-ರ್ಯು ಮತ್ತು ಕಿತೊ-ರ್ಯು. ಕಿತೊ-ರ್ಯುವಿನ ಗುರು ಈಕುಬೊ ತ್ಸುನೆತೊಶಿ ಅವರೊಡನೆ ಅಭ್ಯಾಸ ಮಾಡುತ್ತಲೇ, ಮೊದಲು ಸಮತೋಲ ಕೆಡಿಸಿ ಆಮೇಲೆ ಎಸೆಯುವ ಕ್ರಮ ಅವರಿಗೆ ಖಚಿತವಾಯಿತು.

ಕಾನೋ ಕೊಟ್ಟ ಲೆಕ್ಕ ಇಂದಿಗೂ ಉಪಯುಕ್ತ. ಎದುರಾಳಿಯ ಬಲ 10, ನಿಮ್ಮದು 7 ಎಂದಿಟ್ಟುಕೊಳ್ಳಿ. ಅವರು ತಳ್ಳಿದಾಗ ನೀವು ಎದುರು ತಳ್ಳಿದರೆ ಸೋಲು ಖಚಿತ. ಅವರು ತಳ್ಳಿದಷ್ಟೇ ನೀವು ಹಿಂದೆ ಸರಿದು, ನಿಮ್ಮ ಸಮತೋಲವನ್ನು ಉಳಿಸಿಕೊಂಡರೆ, ಅವರು ಮುಂದಕ್ಕೆ ವಾಲುತ್ತಾರೆ. ವಾಲಿದವರ ಬಲ 3ಕ್ಕೆ ಇಳಿಯುತ್ತದೆ, ನಿಮ್ಮ 7 ಹಾಗೆಯೇ ಇರುತ್ತದೆ. ಆಗ ಅದರಲ್ಲಿ ಅರ್ಧವನ್ನು ಬಳಸಿದರೂ ಸಾಕು. ಈ ಲೆಕ್ಕದಲ್ಲಿ "ಸಮತೋಲವನ್ನು ಉಳಿಸಿಕೊಂಡರೆ" ಎಂಬ ಷರತ್ತನ್ನು ಓದುಗರು ಹಾರಿಸಿಬಿಡುತ್ತಾರೆ. ಹಿಂದೆ ಸರಿಯುವುದು ಯಾರಿಗಾದರೂ ಬರುತ್ತದೆ, ಹೆಗಲು ಏರಿಸದೆ ಸರಿಯುವುದೇ ಕಷ್ಟ.

ದಿಕ್ಕುಗಳು ಎಂಟು: ಮುಂದೆ, ಹಿಂದೆ, ಎಡ, ಬಲ ಮತ್ತು ನಾಲ್ಕು ಮೂಲೆಗಳು. ನಿಂತವರ ಎರಡು ಪಾದಗಳನ್ನು ಸೇರಿಸಿ ನೆಲದ ಮೇಲೆ ಗೆರೆ ಎಳೆದರೆ, ಆ ಗೆರೆಯುದ್ದಕ್ಕೂ ಅವರು ಭದ್ರ; ಗೆರೆಗೆ ಅಡ್ಡವಾಗಿ, ಮುಂದಕ್ಕೋ ಹಿಂದಕ್ಕೋ, ದುರ್ಬಲ. ನಡೆಯುವಾಗ ಈ ಗೆರೆ ಹೆಜ್ಜೆಹೆಜ್ಜೆಗೂ ತಿರುಗುತ್ತಿರುತ್ತದೆ. ನಿಮ್ಮ ಭಾರವನ್ನು ಅವರಿಗೆ ಮುಟ್ಟಿಸಬೇಕಾದದ್ದು ಅವರ ಪಾದ ನೆಲ ಮುಟ್ಟುತ್ತಿರುವಾಗ, ಆದರೆ ಇನ್ನೂ ಪೂರ್ತಿ ಭಾರ ಹೊರದಿರುವಾಗ.

ಇದನ್ನು ಕಲಿಯಲು ಉಕಿ ಒತೋಶಿಗಿಂತ ಒಳ್ಳೆಯ ಪಾಠವಿಲ್ಲ. ಹದಿನೈದು ಎಸೆತಗಳ ಸಾಂಪ್ರದಾಯಿಕ ಸರಣಿಯಾದ ನಾಗೆ ನೊ ಕಾತಾದಲ್ಲಿ ಮೊದಲನೆಯದು ಇದೇ. ಜೊತೆಗಾರರು ಬಲಗಾಲು ಮುಂದಿಟ್ಟು ನಿಮ್ಮತ್ತ ಬರಲಿ, ನೀವು ಎಡಗಾಲಿನಿಂದ ಹಿಂದೆ ಸರಿಯಿರಿ. ಎರಡು ಸಲ ಹೀಗೆ ಸರಿದು, ಮೂರನೆಯ ಸಲ ಅವರ ಬಲಪಾದ ಊರುವ ಹೊತ್ತಿಗೆ ಎಡಗಾಲನ್ನು ಹಿಂದಿನೆರಡು ಹೆಜ್ಜೆಗಳಿಗಿಂತ ಹೆಚ್ಚು ದೂರಕ್ಕೆ, ಹಿಂದಕ್ಕೆ ಓರೆಯಾಗಿ ಇಟ್ಟು, ಕಾಲ್ಬೆರಳು ಮಡಿಸಿ, ಎಡಮೊಣಕಾಲನ್ನು ನೆಲಕ್ಕೂರಿ. ಕೈಗಳು ಮೈಯೊಂದಿಗೇ ಇಳಿಯಲಿ. ಅವರನ್ನು ಮೇಲೆತ್ತಲು ಸೊಂಟವಿಲ್ಲ, ಅಡ್ಡಗಟ್ಟಲು ಕಾಲಿಲ್ಲ. ನಿಮ್ಮ ಮೈ ಇಳಿದದ್ದೊಂದೇ ಕಾರಣಕ್ಕೆ ಅವರು ಮುಂದಕ್ಕೆ ಉರುಳಬೇಕು. ಮೊದಮೊದಲು ಜೊತೆಗಾರರು ತಾವೇ ಹಾರಿ ನಿಮಗೆ ಸಹಾಯ ಮಾಡುತ್ತಿರುತ್ತಾರೆ, ಆ ಬಗ್ಗೆ ಭ್ರಮೆ ಬೇಡ. ಕಾಲಕ್ರಮೇಣ ಅವರು ಹಾರುವುದನ್ನು ಕಡಿಮೆ ಮಾಡುತ್ತಾ ಬರಲಿ.

ಇದೇ ತತ್ವವನ್ನು ನಿಂತುಕೊಂಡೇ ಸಾಧಿಸಿದವರು ಜೂಡೋದ ಅತ್ಯುನ್ನತ ದರ್ಜೆಯಾದ ಹತ್ತನೆಯ ದಾನ್ ಪದವಿಯ ಮಿಫುನೆ ಕ್ಯೂಜೊ. ಸಣ್ಣ ಮೈಕಟ್ಟಿನ ಅವರು ಮುಪ್ಪಿನಲ್ಲೂ ತಮಗಿಂತ ದೊಡ್ಡವರನ್ನು ಕೈಹಿಡಿತ ಮತ್ತು ಮೈಯ ತಿರುವಿನಿಂದಲೇ ಕೆಡಹುತ್ತಿದ್ದುದನ್ನು ಹಳೆಯ ಚಿತ್ರೀಕರಣಗಳಲ್ಲಿ ಕಾಣಬಹುದು. ಚೆಂಡು ಯಾವ ಕಡೆ ಉರುಳಿದರೂ ತನ್ನ ಕೇಂದ್ರವನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅವರಿಗೆ ಪ್ರಿಯವಾದ ಹೋಲಿಕೆಯಾಗಿತ್ತು.

ಹಂತ 6: ತಾಯ್ ಒತೋಶಿ

ಹೆಸರಿನ ಅರ್ಥ "ದೇಹ ಬೀಳಿಸುವುದು". ಯಾರ ದೇಹ ಎಂದು ಕೇಳಿದರೆ ಇಬ್ಬರದೂ ಎನ್ನಬೇಕಾಗುತ್ತದೆ: ಮೊದಲು ನಿಮ್ಮದು ಇಳಿಯುತ್ತದೆ, ಅದಕ್ಕೆ ಕಟ್ಟಿದಂತೆ ಅವರದು ಬೀಳುತ್ತದೆ.

ಮೊದಲಿಗೆ, ಜೊತೆಗಾರರನ್ನು ಅವರ ಬಲ ಮುಂಮೂಲೆಯ ಕಡೆಗೆ, ನಾಲ್ಕನೆಯ ಹಂತದಲ್ಲಿ ಕಲಿತಂತೆ, ಮೈ ತಗ್ಗಿಸಿ ಜಗ್ಗಿರಿ. ಎಡಗೈ, ಗಡಿಯಾರ ನೋಡಿಕೊಳ್ಳುವವರಂತೆ, ನಿಮ್ಮ ಕಣ್ಣಿನ ಎತ್ತರದಲ್ಲಿ ಹೊರಕ್ಕೆ ಸಾಗಲಿ. ಬಲಮೊಣಕೈ ಅವರ ಕಂಕುಳ ಬಳಿ ಮಡಿಚಿ ಕೂರಲಿ.

ಎರಡನೆಯದಾಗಿ, ಬಲಪಾದವನ್ನು ಅವರ ಮುಂದಿಟ್ಟು, ಅದರ ಮೇಲೆ ತಿರುಗುತ್ತಾ ಎಡಪಾದವನ್ನು ಹಿಂದಿನಿಂದ ತಂದು ಅವರ ಎಡಪಾದದ ಮುಂದೆ ಇರಿಸಿ. ಈಗ ನೀವೂ ಅವರೂ ಒಂದೇ ದಿಕ್ಕಿಗೆ ಮುಖಮಾಡಿರುತ್ತೀರಿ. ನಿಮ್ಮ ಬೆನ್ನಿಗೂ ಅವರ ಹೊಟ್ಟೆಗೂ ನಡುವೆ ಒಂದು ಗೇಣು ಜಾಗ ಉಳಿಯಬೇಕು. ಸೊಂಟ ತಾಗಿದರೆ ಅದು ಬೇರೆ ಎಸೆತವಾಗುತ್ತದೆ.

ಮೂರನೆಯದಾಗಿ, ಬಲಗಾಲನ್ನು ಅವರ ಬಲಗಾಲಿನ ಮುಂದೆ ಅಡ್ಡ ಚಾಚಿ. ತಡೆ ಅವರ ಮೊಣಕಾಲಿಗಿಂತ ಕೆಳಗಿರಬೇಕು. ನಿಮ್ಮ ಬಲಹಿಮ್ಮಡಿ ಎದ್ದಿರಲಿ, ಮುಂಗಾಲು ನೆಲಕ್ಕೊತ್ತಿರಲಿ, ಮೊಣಕಾಲು ಸ್ವಲ್ಪ ಮಡಿದು ನೆಲದ ಕಡೆ ಮುಖಮಾಡಿರಲಿ.

ನಾಲ್ಕನೆಯದಾಗಿ, ಎರಡೂ ಮೊಣಕಾಲುಗಳನ್ನು ಸಡಿಲಿಸಿ, ಕಿಬ್ಬೊಟ್ಟೆಯನ್ನು ಎರಡು ಪಾದಗಳ ನಡುವಿನ ಜಾಗಕ್ಕೆ ಇಳಿಸುತ್ತಾ, ತಲೆಯನ್ನು ಎಡಕ್ಕೆ ತಿರುಗಿಸಿ. ಒನಕೆಯಲ್ಲಿ ಭತ್ತ ಕುಟ್ಟುವವರು ಒನಕೆಯನ್ನು ಕೆಳಕ್ಕೆ ಒತ್ತುವುದಿಲ್ಲ. ಎತ್ತಿ, ಬಿಟ್ಟು, ದಾರಿ ತಪ್ಪದಂತೆ ಕೈಹಿಡಿದಿರುತ್ತಾರೆ. ಇಲ್ಲಿಯೂ ಹಾಗೆಯೇ ಮೈಯನ್ನು ಬಿಡಬೇಕು, ಕೈಗಳು ದಿಕ್ಕು ತೋರಿಸಬೇಕು. ಉಸಿರು ಈ ಗಳಿಗೆಯಲ್ಲಿ ಹೊರಹೋಗುತ್ತಿರಬೇಕು. ಉಸಿರು ಹಿಡಿದು ಎಸೆಯುವವರ ಹೆಗಲು ಏರದೇ ಇರುವುದಿಲ್ಲ.

ಎಸೆದ ಮೇಲೆ ಎಡಗೈಯ ಹಿಡಿತ ಬಿಡದೆ, ಜೊತೆಗಾರರ ತೋಳನ್ನು ಮೇಲಕ್ಕೆ ಹಿಡಿದುಕೊಳ್ಳಿ. ಅವರ ತಲೆ ನೆಲಕ್ಕೆ ಬಡಿಯದಂತೆ ಕಾಯುವುದು ನಿಮ್ಮ ಹೊಣೆ.

ಎಚ್ಚರಿಕೆ: ಬಲಗಾಲನ್ನು ಕೋಲಿನಂತೆ ನೆಟ್ಟಗೆ ಚಾಚಿ, ಮೊಣಕಾಲಿನ ಪಕ್ಕವನ್ನು ಎದುರಿನವರತ್ತ ಒಡ್ಡಿದರೆ, ಅವರು ಬೀಳುವಾಗ ಪೂರ್ತಿ ಭಾರ ಆ ಕೀಲಿನ ಪಕ್ಕಕ್ಕೆ ಬಿದ್ದು ಅಸ್ಥಿರಜ್ಜು ಹರಿಯಬಹುದು. ಈ ಎಸೆತದ ಅತಿ ದೊಡ್ಡ ಅಪಾಯ ಇದೇ, ಮತ್ತು ಇದು ಎಸೆಯುವವರಿಗೇ ಆಗುವಂಥದ್ದು. ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು ಬಲಗಾಲನ್ನು ಹೆಸರಿಗಷ್ಟೇ ಚಾಚುವುದೂ ತಪ್ಪು. ಜೊತೆಗಾರರು ಅದನ್ನು ಸುಮ್ಮನೆ ದಾಟಿಹೋಗುತ್ತಾರೆ.

ಎದುರಿನವರು ತೋಳನ್ನು ನೆಟ್ಟಗೆ ಚಾಚಿ ದೂರ ನಿಲ್ಲಿಸಿದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಪದೇ ಪದೇ ಬರುತ್ತದೆ. ಬಲದಿಂದ ಅದನ್ನು ಮಡಿಸಲು ಹೋಗಬೇಡಿ. ಬಿಗಿದ ಆ ತೋಳು ನೇರವಾಗಿ ಅವರ ಹೆಗಲಿಗೆ ಕಟ್ಟಿದ ಹಿಡಿಕೆ ಎಂದು ತಿಳಿದು, ಅದರ ಮೇಲೆ ನಿಮ್ಮ ಮುಂದೋಳಿನ ಭಾರವನ್ನಿಟ್ಟು ಮೊಣಕಾಲು ಸಡಿಲಿಸಿ. ಅವರ ಹೆಗಲು ತಗ್ಗುತ್ತದೆ, ತಗ್ಗಿದ ಬದಿಗೆ ಪಾದ ಸರಿಯುತ್ತದೆ. ಆ ಸರಿಯುವ ಪಾದವೇ ನಿಮ್ಮ ಅವಕಾಶ.

ಸುತೆಮಿ ವಾಜಾ ಎಂಬ ವರ್ಗದ ಎಸೆತಗಳಲ್ಲಿ ತಾವೇ ನೆಲಕ್ಕೆ ಬಿದ್ದು ಎದುರಿನವರನ್ನು ಬೀಳಿಸುತ್ತಾರೆ. ಭಾರದ ಬಳಕೆ ಅಲ್ಲಿ ಪೂರ್ಣ ಪ್ರಮಾಣದ್ದು ಎಂಬುದು ನಿಜವಾದರೂ, ಅಲ್ಲಿಂದ ಕಲಿಯಲು ಆರಂಭಿಸಬಾರದು. ಬೀಳುವ ಮೈ ಎದುರಿನವರ ಮೊಣಕಾಲಿನ ಪಕ್ಕಕ್ಕೆ ಬಿದ್ದರೆ ಕಾಲು ಮುರಿಯುತ್ತದೆ. 1980ರ ಅಖಿಲ ಜಪಾನ್ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಜೂಡೋ ಪಟು ಯಮಾಶಿತಾ ಯಸುಹಿರೊ ಅವರ ಕಾಲು ಮುರಿದದ್ದು ಕಾನಿ ಬಸಾಮಿ ಎಂಬ ಕತ್ತರಿಗಾಲಿನ ಪಟ್ಟಿನಿಂದ. ಆ ಪಟ್ಟನ್ನು ನಂತರ ಸ್ಪರ್ಧೆಗಳಲ್ಲಿ ನಿಷೇಧಿಸಲಾಯಿತು.

ಹಂತ 7: ಅಭ್ಯಾಸದ ಕ್ರಮ

ಉಚಿಕೊಮಿ ಎಂದರೆ ಎಸೆಯದೆ, ಎಸೆತದ ಅಂಚಿನವರೆಗೆ ಹೋಗಿ ಮರಳುವುದನ್ನು ಪುನರಾವರ್ತಿಸುವುದು. ಹಲವು ಕಡೆ ಇದನ್ನು ನೂರರ ಲೆಕ್ಕದಲ್ಲಿ ಬಿರುಸಾಗಿ ಮಾಡಿಸುತ್ತಾರೆ. ದೇಹದಾರ್ಢ್ಯಕ್ಕೆ ಅದು ಸರಿಯಿರಬಹುದು, ನಮ್ಮ ಉದ್ದೇಶಕ್ಕೆ ಅದು ಹಾನಿಕರ ಎಂಬುದು ನನ್ನ ಅಭಿಪ್ರಾಯ. ವೇಗ ಹೆಚ್ಚಿದಂತೆ ಬಿಗಿತವೇ ರೂಢಿಯಾಗುತ್ತದೆ. ಹತ್ತು ಹತ್ತರ ಮೂರು ಸುತ್ತು, ಪ್ರತಿ ಸಲವೂ ಜೊತೆಗಾರರ ಹಿಮ್ಮಡಿ ಎದ್ದಿತೋ ಇಲ್ಲವೋ ಎಂದು ನೋಡುತ್ತಾ ಮಾಡಿದರೆ ಸಾಕು. ನಂತರ ನಾಗೆಕೊಮಿ, ಅಂದರೆ ಪೂರ್ತಿ ಎಸೆಯುವ ಅಭ್ಯಾಸ, ಹತ್ತು ಸಲ.

ಕೊನೆಗೆ ರಾಂದೋರಿ, ಅಂದರೆ ಮುಕ್ತ ಅಭ್ಯಾಸ. ಇಲ್ಲಿ ಕಲಿತದ್ದೆಲ್ಲ ಮೊದಲ ನಿಮಿಷದಲ್ಲೇ ಮರೆತುಹೋಗುವುದು ಸಹಜ. ಆದ್ದರಿಂದ ಮೊದಲೇ ಮಾತಾಡಿಕೊಳ್ಳಿ: ಇಬ್ಬರೂ ಹತ್ತರಲ್ಲಿ ಮೂರು ಪಾಲು ಬಲ ಮಾತ್ರ ಬಳಸುವುದು, ಎರಡು ನಿಮಿಷಕ್ಕೆ ನಿಲ್ಲಿಸುವುದು, ಒಳ್ಳೆಯ ಎಸೆತ ಬಂದರೆ ತಡೆಯದೆ ಬೀಳುವುದು. ಬೀಳಲು ಒಪ್ಪದವರ ಜೊತೆ ಈ ಅಭ್ಯಾಸ ಬೇಡ, ಅವರು ಎಷ್ಟೇ ಅನುಭವಿಗಳಾಗಿರಲಿ.

ನೀವು ಸರಿಯಾದ ದಾರಿಯಲ್ಲಿದ್ದೀರೋ ಎಂದು ತಿಳಿಯಲು ಮರುದಿನ ಬೆಳಿಗ್ಗೆ ನೋವು ಎಲ್ಲಿದೆಯೆಂದು ನೋಡಿಕೊಳ್ಳಿ. ಬೆರಳು, ಮುಂದೋಳು ನೋಯುತ್ತಿದ್ದರೆ ಮೂರನೆಯ ಹಂತಕ್ಕೆ ಮರಳಿ. ಹೆಗಲಿನ ಮುಂಭಾಗ ಅಥವಾ ಕತ್ತು ನೋಯುತ್ತಿದ್ದರೆ ನಾಲ್ಕನೆಯದಕ್ಕೆ. ಸೊಂಟ ಹಿಡಿದಿದ್ದರೆ ಮೈ ತಗ್ಗಿಸುವ ಬದಲು ಬಾಗಿದ್ದೀರಿ. ಗೋಡೆಗೆ ಬೆನ್ನು ಆನಿಸಿ ನಿಂತು, ಬೆನ್ನು ಗೋಡೆಯಿಂದ ಬಿಡದಂತೆ ಮೊಣಕಾಲು ಸಡಿಲಿಸುವುದನ್ನು ಕೆಲವು ದಿನ ಮಾಡಿ. ತೊಡೆಯ ಸ್ನಾಯು ಮತ್ತು ಅಂಗಾಲು ಮಾತ್ರ ದಣಿದಿದ್ದರೆ ಏನನ್ನೂ ಬದಲಿಸಬೇಡಿ. ಮೊಣಕಾಲಿನ ಕೀಲಿನೊಳಗೇ ನೋವಿದ್ದರೆ ಅಥವಾ ಊದಿದ್ದರೆ ಅದು ಅಭ್ಯಾಸದ ನೋವಲ್ಲ. ವೈದ್ಯರಿಗೆ ತೋರಿಸುವವರೆಗೆ ತಾಯ್ ಒತೋಶಿಯನ್ನು ನಿಲ್ಲಿಸಿ.